ಸಿಮೆಂಟ್ ಅಂಗಡಿಯ ದೊಡ್ಡಪ್ಪ ಕಟ್ಟಿದ ಮಣ್ಣಿನ ಮನೆ

ನಮ್ಮ ದೊಡ್ಡಪ್ಪನಿಗೆ ತಲೆ ಸರಿ ಇಲ್ಲ ಅಂತ ಇಡೀ ಹೊಸಪೇಟೆಯಲ್ಲಿ ಮೊದಲು ಕಂಡುಹಿಡಿದವಳು ನಾನೇ. ಈ ವಿಷಯದಲ್ಲಿ ಬೇರೆ ಯಾರಾದರೂ ಹೆಸರು ಹೊಡೆದುಕೊಳ್ಳಲು ಬಂದರೆ ದಯವಿಟ್ಟು ನಂಬಬೇಡಿ. ಆಮೇಲೆ ಹೇಳಿದವರು ಬಹಳ ಜನ, ಮೊದಲು ನೋಡಿದವಳು ಒಬ್ಬಳೇ.

ಪುರಾವೆ ಬೇಕೇ? ನಮ್ಮದು ಸಿಮೆಂಟ್ ಅಂಗಡಿ. ತಾತ ಇಟ್ಟದ್ದು, ಈಗ ಅಪ್ಪ ಮತ್ತು ದೊಡ್ಡಪ್ಪ ನಡೆಸುತ್ತಾರೆ. ನಾವು ಉಣ್ಣುವ ಅನ್ನ, ನನ್ನ ಪಿಯುಸಿ ಟ್ಯೂಷನ್ನು, ಅಮ್ಮನ ಕೈಬಳೆ, ಎಲ್ಲವೂ ಸಿಮೆಂಟಿನದು. (ಬಳೆ ಬಂಗಾರದ್ದೇ. ಸಿಮೆಂಟಿನಿಂದ ಬಂದದ್ದು ಅಂತ ತಿಳಿದುಕೊಳ್ಳಿ.) ಇಂಥ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಮ್ಮ ದೊಡ್ಡಪ್ಪ ಗಿರಾಕಿಯನ್ನು ಹೇಗೆ ವಿಚಾರಿಸುತ್ತಾನೆ ಕೇಳಿ.

"ನಲವತ್ತು ಚೀಲ ಸಿಮೆಂಟ್ ಬೇಕಿತ್ರಿ."

"ಯಾಕ ಬೇಕು?"

"ಮನಿ ಕಟ್ಟಾಕ್ರಿ."

"ಮನಿ ಕಟ್ಟಾಕ ಸಿಮೆಂಟ್ ಯಾಕ? ನಿಮ್ಮ ಹೊಲದಾಗ ಮಣ್ಣಿಲ್ಲೇನು?"

ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಎತ್ತಿ ಬೋರ್ಡು ಓದಿ, ಸರಿಯಾದ ಅಂಗಡಿಗೇ ಬಂದಿದ್ದೇನೆ ಅಂತ ಖಾತ್ರಿ ಮಾಡಿಕೊಂಡ. ಅಷ್ಟರಲ್ಲಿ ಅಪ್ಪ ಓಡಿ ಬಂದ.

"ಅಣ್ಣಾ, ನೀ ಸ್ವಲ್ಪ ಚಾ ಕುಡಿದು ಬಾ."

"ಹಂಪಿ ಕಟ್ಟಿದೋರು ಯಾರ ಅಂಗಡ್ಯಾಗ ಸಿಮೆಂಟ್ ತಂದಿದ್ರು ಹೇಳು ನೋಡೋಣ?"

"ಅದಕ್ಕ ಅದು ಹಾಳು ಬಿದ್ದೈತಿ. ಹೋಗು, ಚಾ ಕುಡಿದು ಬಾ."

ಗಿರಾಕಿಗೊಂದು ಚಾ. ವ್ಯಾಪಾರ ಚೆನ್ನಾಗಿದ್ದ ದಿನ ದೊಡ್ಡಪ್ಪ ಹನ್ನೊಂದು ಚಾ ಕುಡಿದದ್ದುಂಟು.

ಎರಡನೇ ಪುರಾವೆ ಕಸ. ಬೇರೆಯವರ ಮನೆಯಲ್ಲಿ ನನ್ನ ವಯಸ್ಸಿನ ಹುಡುಗಿಯರನ್ನು ಎಲ್ಲಿ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಪೆನ್ನಿನ ರೀಫಿಲ್ ಯಾವ ಬುಟ್ಟ್ಯಾಗ ಒಗದಿ?" ಹಿತ್ತಲಲ್ಲಿ ನಾಲ್ಕು ಬುಟ್ಟಿಗಳಿವೆ. ಹಸಿ, ಒಣ, ಗಾಜು, ಮತ್ತು 'ಕೇಳಿ ಹಾಕು'. ನಾಲ್ಕನೆಯದು ದೊಡ್ಡಪ್ಪನ ಸ್ವಂತ ಸಂಶೋಧನೆ. ಯಾವ ಜಾತಿಗೂ ಸೇರದ ವಸ್ತುಗಳು ಅದರಲ್ಲಿ ಬಿದ್ದಿರುತ್ತವೆ. ಸಂಜೆ ದೊಡ್ಡಪ್ಪ ಕನ್ನಡಕ ಏರಿಸಿ, ಮಣೆ ಹಾಕಿಕೊಂಡು ಕೂತು, ಒಂದೊಂದನ್ನೇ ಎತ್ತಿ ವಿಚಾರಣೆ ನಡೆಸುತ್ತಾನೆ.

ಒಂದು ಶ್ರಾವಣ ಸೋಮವಾರ ಆ ಬುಟ್ಟಿಯಿಂದ ಎಗ್ ಪಫ್‌ನ ಕಾಗದ ಹೊರಬಂತು. ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆ. ಈರುಳ್ಳಿಗೂ ಅಮ್ಮ ಎರಡು ಸಲ ಯೋಚಿಸುವ ದಿನ ಅದು. ದೊಡ್ಡಪ್ಪ ಕಾಗದವನ್ನು ಬೆಳಕಿಗೆ ಹಿಡಿದ, ಮೂಸಿದ, ನನ್ನನ್ನು ಕರೆದ. ನಾನು ಅಳುವ ಮುಖ ಸಿದ್ಧ ಮಾಡಿಕೊಂಡು ಹೋಗಿ ನಿಂತೆ.

"ನೋಡು ಯವ್ವಾ, ಎಣ್ಣಿ ಹತ್ತಿದ ಕಾಗದ ಒಣ ಕಸ ಅಲ್ಲ. ಹಸಿಗೆ ಹಾಕು."

ಅಷ್ಟೇ. ಮೊಟ್ಟೆಯ ವಿಷಯ ಇವತ್ತಿಗೂ ಬಂದಿಲ್ಲ.

ಈ ಹುಚ್ಚು ಹಿಡಿದದ್ದು ಮೂರು ವರ್ಷದ ಹಿಂದೆ, ದೊಡ್ಡಮ್ಮನ ಸಕ್ಕರೆ ಕಾಯಿಲೆ ಕಾಲಿಗಿಳಿದು ಅವಳು ಹಾಸಿಗೆ ಹಿಡಿದಾಗ. ಅವರಿಗೆ ಮಕ್ಕಳಿಲ್ಲ. ಅಡುಗೆ ಅಮ್ಮನದು, ಉಳಿದ ಸೇವೆಯೆಲ್ಲ ದೊಡ್ಡಪ್ಪನದು. ಒಂದು ದಿನ ಬೆಳಿಗ್ಗೆ ಕಸ ಕೊಡಲು ಬೀದಿಗೆ ಹೋದವನು ಮುಖ ಒಣಗಿಸಿಕೊಂಡು ಒಳಗೆ ಬಂದ. ಟ್ರಂಕು ತೆಗೆದ. ದೊಡ್ಡಮ್ಮ ಮದುವೆಯಲ್ಲಿ ಉಟ್ಟ ಕೆಂಪು ಇಳಕಲ್ ಸೀರೆ ಎಳೆದು, ಹಲ್ಲಿನಲ್ಲಿ ಕಚ್ಚಿ, ಪರ್ರನೆ ಹರಿಯತೊಡಗಿದ. ಅಮ್ಮ ಕೈಯಲ್ಲಿದ್ದ ಸೌಟು ಬಿಟ್ಟು ಓಡಿ ಬಂದಳು.

"ಬಾವಾರ, ಏನ್ ಮಾಡಾಕತ್ತೀರಿ? ಅಕ್ಕನ ಮದುವಿ ಸೀರಿ ಅದು."

"ಕೆಲಸೈತಿ."

ಅದಕ್ಕಿಂತ ಆಶ್ಚರ್ಯ ಅಂದರೆ ಹಾಸಿಗೆಯಿಂದ ದೊಡ್ಡಮ್ಮನೇ ಹೇಳಿದಳು, "ಸಣ್ಣಗ ಹರೀರಿ. ಇನ್ನೂ ಎಷ್ಟು ದಿನಕ್ಕ ಬೇಕಾಗ್ತೈತೋ ಏನೋ."

ಅಂದಿನಿಂದ ವಾರಕ್ಕೊಂದು ಸಲ ಕಾಂಪೌಂಡ್ ಗೋಡೆಯ ಮೇಲೆ ಒಂದು ಉಪ್ಪಿನಕಾಯಿ ಡಬ್ಬಿ ಇರುತ್ತಿತ್ತು. ಮುಚ್ಚಳ ಬಿಗಿ, ಅದರ ಮೇಲೆ ಕೆಂಪು ಪಟ್ಟಿ ಸುತ್ತಿ ಮೂರು ಗಂಟು. ಬೀದಿಯಲ್ಲಿ ಕಸ ಆಯುವ ಹುಲಿಗೆಮ್ಮ ಬಂದು ಅದನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಒಳಗೇನಿದೆ ಅಂತ ಕೇಳಿದರೆ "ನಿನಗ್ಯಾಕ?" ಅನ್ನುವ ಉತ್ತರ. ನಾನು ಬುದ್ಧಿವಂತೆ, ಉತ್ತರ ಸಿಗದಿದ್ದರೆ ಸ್ವಂತ ಬರೆಯುವವಳು. ಮಾಟ ಅಂತ ತೀರ್ಮಾನಿಸಿದೆ. ಕ್ಲಾಸಿನಲ್ಲಿ ಹೇಳಿದೆ, ಬೀದಿಯಲ್ಲಿ ಹೇಳಿದೆ, ಸ್ವಲ್ಪ ಲಿಂಬೆಹಣ್ಣು, ಸ್ವಲ್ಪ ಕೂದಲು ಸೇರಿಸಿ ಹೇಳಿದೆ. ಪಕ್ಕದ ಮನೆಯವರು ಒಂದು ತಿಂಗಳು ನಮ್ಮಲ್ಲಿ ಸಕ್ಕರೆ ಕೇಳಲು ಬರಲಿಲ್ಲ. ಅಷ್ಟು ಸಕ್ಕರೆ ಉಳಿಸಿದ್ದಕ್ಕೆ ಅಮ್ಮ ನನಗೆ ಬಹುಮಾನ ಕೊಡಬೇಕಿತ್ತು. ಬೆನ್ನಿಗೆ ಕೊಟ್ಟಳು.

ಮರುವರ್ಷ ದೊಡ್ಡಮ್ಮ ಹೋದಳು. ಡಬ್ಬಿಗಳೂ ನಿಂತವು. ನಾಲ್ಕು ಬುಟ್ಟಿ ಮಾತ್ರ ಉಳಿದವು.

ಈ ವರ್ಷ ಬೇಸಿಗೆಯಲ್ಲಿ ಹುಚ್ಚು ಬುಟ್ಟಿ ದಾಟಿ ಹೊರಗೆ ಬಂತು. ಊರ ಹೊರಗೆ ಕಸ ಸುರಿಯುವ ಜಾಗದ ಪಕ್ಕ ಹುಲಿಗೆಮ್ಮನ ಹಾಗೆ ಕಸ ಆಯುವ ಹನ್ನೆರಡು ಮನೆಯವರಿದ್ದಾರೆ. ಮನೆ ಅಂದದ್ದು ನನ್ನ ದೊಡ್ಡ ಮನಸ್ಸು. ನಾಲ್ಕು ಗಳ, ಮೇಲೊಂದು ತಾಡಪತ್ರಿ. ಅವರಿಗೆ ಅಲ್ಲೇ ಹತ್ತಿರ ಸ್ವಲ್ಪ ಜಾಗ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ದೊಡ್ಡಪ್ಪ ಒಂದು ದಿನ ಊಟದ ನಡುವೆ, ರೊಟ್ಟಿ ಮುರಿಯುತ್ತ, "ನಾ ಕಟ್ತೀನಿ" ಅಂದ. ಅಪ್ಪನ ಗಂಟಲಲ್ಲಿ ರೊಟ್ಟಿ ನಿಂತಿತು. "ಮಣ್ಣಿಂದ, ಕಸದಿಂದ. ನಿನ್ನ ಸಿಮೆಂಟ್ ಬ್ಯಾಡ." ರೊಟ್ಟಿ ಇಳಿಯಿತು.

ಆದರೆ ನಗರಸಭೆ ಕಚೇರಿಯ ಇಂಜಿನಿಯರ್ ಒಪ್ಪಬೇಕಲ್ಲ? ಆತ ಒಳ್ಳೆಯ ಮನುಷ್ಯ, ಕಾಗದದ ಭಯ ಇರುವ ಮನುಷ್ಯ. "ಯಜಮಾನ್ರ, ಮೊದಲ ಒಂದು ಮನಿ ಕಟ್ಟಿ ತೋರಸ್ರಿ. ಮಳಿ ಬಿದ್ದಾಗ ಬಂದು ಒಳಗ ಕುಂದ್ರತೀನಿ. ಸೋರಲಿಲ್ಲ ಅಂದ್ರ ಉಳಿದ ಹನ್ನೊಂದಕ್ಕೂ ಸಹಿ. ಸೋರ್ತು ಅಂದ್ರ ಎಲ್ಲಾರನೂ ಮರಿಯಮ್ಮನಹಳ್ಳಿ ದಾರ್ಯಾಗ ತಗಡಿನ ಶೆಡ್ಡಿಗೆ ಕಳಸೂದು. ನನ್ನ ಕೈಯಾಗ ಇಷ್ಟ ಐತಿ" ಅಂದ.

ಆ ಶೆಡ್ಡು ಹುಲಿಗೆಮ್ಮ ನೋಡಿ ಬಂದಿದ್ದಳು.

"ಅಲ್ಲಿ ಲಾರಿ ಬಿಟ್ರ ಏನೂ ಇಲ್ರಿ ಸಾವ್ಕಾರ್ರ. ಲಾರ್ಯಾರು ಕಸ ಒಗಿಯಂಗಿಲ್ಲ, ಧೂಳ ಒಗೀತಾರ. ಧೂಳ ಯಾವ ಗುಜರಿಯವ ತಗೊಂತಾನ? ಕಸ ಇಲ್ಲದ ಊರಾಗ ನಾವೇನ್ ತಿನ್ನೂದು?"

ಹೀಗೆ ಹನ್ನೆರಡು ಮನೆಯ ಅನ್ನ ನಮ್ಮ ದೊಡ್ಡಪ್ಪನ ತಲೆಯ ಮೇಲೆ ಬಂತು. ಆ ತಲೆಯ ಸ್ಥಿತಿ ನಿಮಗೆ ಈಗಾಗಲೇ ಹೇಳಿದ್ದೇನೆ.

ಮೊದಲ ಮನೆ ಹುಲಿಗೆಮ್ಮನಿಗೆ ಅಂತಾಯಿತು. ಮೊದಲು ಪಾಯ. ಪಾಯಕ್ಕೆ ಕಲ್ಲು ಹಾಕುತ್ತಾರೆ ಅಂದುಕೊಂಡಿರಾ? ಟೈರು. ಸಂಡೂರಿನ ಗಣಿ ಲಾರಿಗಳ ಸವೆದ ಟೈರು, ಅದರ ಹೊಟ್ಟೆಗೆ ಮಣ್ಣು ತುಂಬಿ ಬಡಿದರೆ ಕಲ್ಲಿಗಿಂತ ಗಟ್ಟಿಯಂತೆ. ರಜೆ ಇತ್ತು, ನಾನೂ ಟೆಂಪೋ ಹತ್ತಿದೆ. ಸಂಡೂರಿನ ಗ್ಯಾರೇಜಿನಲ್ಲಿ ಮನುಷ್ಯರು, ನಾಯಿ, ಚಾ ಲೋಟ ಎಲ್ಲ ಒಂದೇ ಕೆಂಪು ಬಣ್ಣ. ನಾಯಿ ಬಾಲ ಅಲ್ಲಾಡಿಸಿದ ಮೇಲೆ ಅದು ನಾಯಿ ಅಂತ ನನಗೆ ಗೊತ್ತಾದದ್ದು.

"ಎಷ್ಟು ಟೈರ್ ಬೇಕ್ರಿ?" ಅಂದ ಗ್ಯಾರೇಜಿನವ.

"ಒಂದ್ ಮನಿಗೆ ನಲವತ್ತು."

"ಮನಿಗ್ಯಾಕ್ರಿ ಟೈರು? ಮನಿ ಓಡಸ್ತೀರೇನು?"

"ಇಷ್ಟು ದಿನ ಓಡಸೇ ಓಡಸ್ಯಾರ ಅವ್ರನ್ನ," ಅಂದ ದೊಡ್ಡಪ್ಪ, "ನಾ ನಿಲ್ಲಸ್ತೀನಿ."

ಗ್ಯಾರೇಜಿನವ ಒಳಗಿನಿಂದ ಇನ್ನೂ ನಾಲ್ಕು ಒಳ್ಳೆಯ ಟೈರು ಉರುಳಿಸಿಕೊಂಡು ಬಂದು ದುಡ್ಡು ಕೇಳದೆ ಟೆಂಪೋಗೆ ಎಸೆದ.

ಗೋಡೆ ಕಟ್ಟಲು ಬಂದವನು ಗಾದಿಗನೂರಿನ ಗೌಂಡಿ ಹುಸೇನಪ್ಪ. ಮೂವತ್ತು ವರ್ಷ ನಮ್ಮ ಅಂಗಡಿಯ ಸಿಮೆಂಟನ್ನೇ ಹಚ್ಚಿದವನು. ಸುಡದೆ ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆ ಕೈಗೆ ಕೊಟ್ಟಾಗ ಅದನ್ನು ಸತ್ತ ಇಲಿಯ ಹಾಗೆ ಹಿಡಿದುಕೊಂಡ.

"ಸಾವ್ಕಾರ್ರ, ನಾ ಮಣ್ಣು ಹಚ್ಚಾಕತ್ತೀನಿ ಅಂತ ಗೊತ್ತಾದ್ರ ನಮ್ಮ ಮಾವ ಬಂದು ಮಗಳನ್ನ ಕರಕೊಂಡ ಹೋಗ್ತಾನ."

"ಮದುವ್ಯಾಗಿ ಎಷ್ಟು ವರ್ಷಾತು?"

"ಮೂವತ್ತೆರಡ್ರಿ."

"ಈಗ ಕರಕೊಂಡ ಹೋಗಿ ಏನ್ ಮಾಡ್ತಾನ? ಹಚ್ಚು."

ಹುಸೇನಪ್ಪ ಹಚ್ಚಿದ. ಮೂರನೇ ದಿನಕ್ಕೆ ತನ್ನ ಅಪ್ಪ ಹೀಗೇ ಕಟ್ಟುತ್ತಿದ್ದ, ಹಾಗೇ ಬಡಿಯುತ್ತಿದ್ದ ಅಂತ ಎಲ್ಲ ತನಗೇ ಮೊದಲಿನಿಂದ ಗೊತ್ತಿದ್ದವನ ಹಾಗೆ ಮಾತಾಡತೊಡಗಿದ.

ಇನ್ನು ಬಾಟಲಿ ಜಗಳ. ಪ್ಲಾಸ್ಟಿಕ್ ಬಾಟಲಿಯೊಳಗೆ ಗುಟ್ಕಾ ಹಾಳೆ, ಚಿಪ್ಸ್ ಹಾಳೆ ತುರುಕಿದರೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಅಂತ ದೊಡ್ಡಪ್ಪ ಎಲ್ಲಿಂದಲೋ ತಿಳಿದುಕೊಂಡು ಬಂದು ಎಲ್ಲರನ್ನೂ ಕೂರಿಸಿ ಪಾಠ ಮಾಡಿದ. ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಸಾವ್ಕಾರ್ರ, ನಿಮ್ಮ ಮನಿ ಅಕ್ಕ್ಯಾಗ ನೀವ ಕಲ್ಲು ಹಾಕ್ತೀರೇನು?"

"ಯಾಕ ಹಾಕಲಿ?"

"ಮತ್ತ ನಮ್ಮ ಬಾಟ್ಲಿಯಾಗ ಹಾಳಿ ತುಂಬು ಅಂತೀರಿ. ಬಾಟ್ಲಿ ಬಾಟ್ಲಿನ, ಹಾಳಿ ಹಾಳಿನ. ಕೂಡಿಸಿದ್ರ ಎರಡೂ ಕೆಟ್ವು. ನಮ್ಮವ್ವ ನನಗ ಅಕ್ಷರ ಕಲಿಸಿಲ್ಲ, ಬ್ಯಾರೆ ಮಾಡೂದು ಕಲಿಸ್ಯಾಳ. ಆ ಪಾಪ ನಮ್ಮ ಕೈಲೆ ಮಾಡಿಸಬ್ಯಾಡ್ರಿ."

ಮೂರು ವರ್ಷ ನಮಗೆ ಹಸಿ-ಒಣ ಉಪದೇಶ ಮಾಡಿದ ಮನುಷ್ಯ ತಾನೇ ತುರುಕಿದ ಹಾಳೆಗಳನ್ನು ಬಾಟಲಿಯಿಂದ ಒಂದೊಂದಾಗಿ ಹೊರಗೆ ಎಳೆಯತೊಡಗಿದ. ನಾನು ಚಪ್ಪಾಳೆ ತಟ್ಟಿದೆ. ಯಾರೂ ನನ್ನ ಜೊತೆ ತಟ್ಟಲಿಲ್ಲ, ಅದು ಬೇರೆ ವಿಷಯ.

ಕೊನೆಗೆ ಗುಜರಿಯವನೂ ಬೇಡ ಅನ್ನುವ ಮಾಲು ಯಾವುದು ಅಂತ ಹುಡುಕಿದರು. ಬಾಯಿ ಒಡೆದ ಬ್ರಾಂದಿ ಬಾಟಲಿ. ಗೋಡೆಯಲ್ಲಿ ಅಡ್ಡ ಇಟ್ಟರೆ ಒಳಗೆ ಬಣ್ಣದ ಬೆಳಕು. ಜೀವಮಾನದಲ್ಲಿ ಹೆಂಡ ಮುಟ್ಟದ ನಮ್ಮ ದೊಡ್ಡಪ್ಪ ನಮ್ಮ ಹಿತ್ತಲಲ್ಲಿ ಕೂತು, ವಿಭೂತಿ ಹಚ್ಚಿಕೊಂಡ ಹಣೆಯಲ್ಲಿ, ಅಂಥ ಮುನ್ನೂರು ಬಾಟಲಿ ತೊಳೆದು ಸಾಲಾಗಿ ಒಣಹಾಕಿದ. ಪಕ್ಕದ ಮನೆಯವರು ಮಹಡಿಯಿಂದ ಎಣಿಸಿದರು. ಮಾಟದ ಸುದ್ದಿ ಹಳತಾಗಿತ್ತು, ಅವರಿಗೂ ಹೊಸದು ಬೇಕಿತ್ತು.

ಇನ್ನು ಮಾಳಿಗೆ, ಅಂದರೆ ಮಣ್ಣಿನ ಚಪ್ಪಟೆ ಛಾವಣಿ. ನಮ್ಮ ಕಡೆ ಹಳೇ ಮನೆಗಳೆಲ್ಲ ಹಾಗೇ. ಕೆಳಗೆ ಜಂತಿ ತೊಲೆ, ಮೇಲೆ ಸೌಳು ಮಣ್ಣು, ಅಂದರೆ ನೀರು ಇಳಿಯಗೊಡದ ಉಪ್ಪುಮಣ್ಣು. ಕಂಪ್ಲಿಯ ಗದ್ದೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಸೌಳು ಮಣ್ಣು ಬಂತು, ಅದರ ಹಿಂದೆ ಭತ್ತದ ಹುಲ್ಲು. ದೊಡ್ಡಪ್ಪ ಹುಲ್ಲು ಬೆರಳುದ್ದ ಕತ್ತರಿಸಿ, ಒಣಮಣ್ಣಿಗೆ ಬೆರೆಸಿ, ಗುಡ್ಡೆ ಮಾಡಿ, ಜಂತಿ ಮರ ತರಲು ಹುಸೇನಪ್ಪನ ಜೊತೆ ಗಾದಿಗನೂರಿಗೆ ಹೋದ. ಎರಡು ದಿನ ಬಿಟ್ಟು ಬಂದು ನೋಡಿದರೆ ಮಣ್ಣು ನೀರು ಕುಡಿದು ಕಲಸಿ ಸಿದ್ಧವಾಗಿತ್ತು. ಹುಲಿಗೆಮ್ಮನ ಸೊಸೆ ಮತ್ತು ಉಳಿದವರು ಹೇಳಿಸಿಕೊಳ್ಳದೆ ಕೆಲಸ ಮುಗಿಸಿದ್ದರು. ಹುಸೇನಪ್ಪ ಹಿಡಿ ಎತ್ತಿ, "ಏನ್ ನುಣ್ಣಗೈತ್ರಿ, ಬೆಣ್ಣಿ ಐತಿ ಬೆಣ್ಣಿ" ಅಂದ. ಸೊಸೆ ನಾಚಿಕೊಂಡಳು. ಆ ನಾಚಿಕೆ ಯಾಕೆ ಅಂತ ಅವತ್ತು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನ ಗಮನ ಬೇರೆ ಕಡೆ ಇತ್ತು. ಯಾಕೆಂದರೆ ಅದೇ ದಿನ ನನ್ನ ಮಾನ ಮಾಳಿಗೆಗೆ ಹೋಯಿತು.

ಮಣ್ಣಿನ ಕೆಳಗೆ ನೀರು ತಡೆಯಲು ಹಳೇ ಫ್ಲೆಕ್ಸ್ ಬ್ಯಾನರ್ ಹಾಸಬೇಕಿತ್ತು. ಊರಿನಲ್ಲಿ ಫ್ಲೆಕ್ಸಿಗೆ ಬರವೇ? ಹುಟ್ಟುಹಬ್ಬದ್ದು, ಗೆದ್ದದ್ದು, ಸೋತರೂ ಧನ್ಯವಾದ ಹೇಳಿದ್ದು, ಎಲ್ಲ ಬಂದವು. ಮೊದಲು ಮುಖ ಕೆಳಗೆ ಮಾಡಿ ಹಾಸಿದರು. ಹುಲಿಗೆಮ್ಮ ಒಳಗೆ ನಿಂತು ಮೇಲೆ ನೋಡಿದಳು. ಹದಿನಾರು ಮಂದಿ ಗಂಡಸರು ಕೈಮುಗಿದು ನಗುತ್ತಿದ್ದರು.

"ಇವ್ರು ಹಿಂಗ ನೋಡ್ಕೋಂತ ಕುಂತ್ರ ನಾ ಸೀರಿ ಹೆಂಗ ಉಟ್ಕೊಳ್ಳಿ? ತಿರುವಿ ಹಾಕ್ರಿ."

ತಿರುವಿ ಹಾಕಿದರು. ಒಂದು ಮೂಲೆಗೆ ಸಾಲಲಿಲ್ಲ. ಆಗ ದೊಡ್ಡಪ್ಪ ಟೆಂಪೋದಿಂದ ಒಂದು ಸುರುಳಿ ತೆಗೆದ. ನೋಡುತ್ತೇನೆ, ನಾನು. ನನ್ನ ಎಸ್ಸೆಸ್ಸೆಲ್ಸಿ ಫ್ಲೆಕ್ಸ್. ಅಪ್ಪ ಅಂಗಡಿಯ ಮುಂದೆ ಕಟ್ಟಿಸಿದ್ದು. ರಾಜ್ಯಕ್ಕೆ ಎಷ್ಟನೆಯವಳು ಅಂತ ದಯವಿಟ್ಟು ಕೇಳಬೇಡಿ. ಅದರಲ್ಲಿ 'ನಮ್ಮ ಬೀದಿಗೇ ಪ್ರಥಮ' ಅಂತ ಬರೆಸಿತ್ತು, ಅದು ಸತ್ಯ, ಆ ವರ್ಷ ಬೀದಿಯಲ್ಲಿ ಪರೀಕ್ಷೆ ಬರೆದವಳು ನಾನೊಬ್ಬಳೇ. ಗಾಳಿಗೆ ಹರಿದು ಬಲಗಣ್ಣಿನ ಹತ್ತಿರ ಒಂದು ತೂತು ಬಿದ್ದಿತ್ತು, ಅದಕ್ಕೆ ದೊಡ್ಡಪ್ಪನೇ ತೇಪೆ ಹಚ್ಚಿದ್ದ. ನಾನು ಕೂಗಾಡಿದೆ.

"ಕೂಸಿಂದು ಮುಖ ಕೆಳಗ ಇರ್ಲಿ," ಅಂದಳು ಹುಲಿಗೆಮ್ಮ. "ನಮ್ಮ ಮೊಮ್ಮಗಳು ಮಲಕ್ಕೊಂಡು ನೋಡ್ಲಿ. ಓದು ತಲಿಗೆ ಇಳೀಬೌದು."

ನನ್ನ ಕೂಗಾಟ ಅಲ್ಲಿಗೆ ನಿಂತಿತು. ಹೊಗಳಿಕೆ ಎಲ್ಲಿಂದ ಬಂದರೂ ತೆಗೆದುಕೊಳ್ಳುವುದು ನನ್ನ ಅಭ್ಯಾಸ.

ಮಳೆ ಬಂತು. ಮಧ್ಯಾಹ್ನ ಮೂರರ ಮಳೆ, ಅದರ ಹಿಂದೆಯೇ ಛತ್ರಿ ಹಿಡಿದು ಇಂಜಿನಿಯರ್. ಹನ್ನೆರಡು ಮನೆಯವರು ಬಾಗಿಲಲ್ಲಿ ನೆನೆಯುತ್ತ ನಿಂತರು. ಇಂಜಿನಿಯರ್ ಒಳಗೆ ಬಂದು ಗೋಡೆಗೆ ಹೆಬ್ಬೆರಳು ಒತ್ತಿದ, ಗೋಡೆ ಕದಲಲಿಲ್ಲ. ಬಾಟಲಿಗಳ ಹಸಿರು ಬೆಳಕು ನೋಡಿ, "ಚಲೋ ಐತ್ರಿ ಇದು" ಅಂದ. ಮಣ್ಣಿನ ಕಟ್ಟೆಯ ಮೇಲೆ ಕೂತು ಜ್ವರಕ್ಕೆ ಕೈ ಮುಟ್ಟಿ ನೋಡುವವರ ಹಾಗೆ ನೆಲ ಮುಟ್ಟಿ ನೋಡಿದ. ಪೆನ್ನು ತೆಗೆದ. ಆಗ ಮೇಲೆ ನೋಡಿದ.

"ಯಾರಿವ್ರು?"

"ನಾನೇ ಸರ್," ಅಂದೆ, ಸ್ವಲ್ಪ ಪಕ್ಕಕ್ಕೆ ತಿರುಗಿ, ಫೋಟೋದಲ್ಲಿ ಇದ್ದ ಹಾಗೆ.

"ಬೀದಿಗೆ ಪ್ರಥಮಾ?"

ಹೌದು ಅನ್ನುವಷ್ಟರಲ್ಲಿ ನನ್ನ ಬಲಗಣ್ಣಿನಿಂದ ಒಂದು ಹನಿ ಇಳಿದು ಅವನ ಕಾಗದದ ಮೇಲೆ ಟಪ್ಪಂತ ಬಿತ್ತು. ಆಮೇಲೆ ಇನ್ನೊಂದು.

"ನಿಮ್ಮ ಫೋಟೋ ಅಳಾಕತ್ತೈತಲ್ಲಮ್ಮ," ಅಂದ ಇಂಜಿನಿಯರ್.

ಜೀವನದಲ್ಲಿ ನನ್ನ ಮೇಲೆ ಬಂದ ಅತ್ಯುತ್ತಮ ಜೋಕು ಅದು, ಒಬ್ಬರೂ ನಗಲಿಲ್ಲ. ಹುಲಿಗೆಮ್ಮನ ಮೊಮ್ಮಗಳು, ಐದು ವರ್ಷದ್ದು, ಯಾರೂ ಹೇಳದೆ ಓಡಿಹೋಗಿ ಒಂದು ಬೋಗುಣಿ ತಂದು, ಒಂದು ಸಲ ಮೇಲೆ ನೋಡಿ, ಸರಿಯಾಗಿ ಹನಿ ಬೀಳುವ ಜಾಗದಲ್ಲಿ ಇಟ್ಟು, ಸ್ವಲ್ಪ ಎಡಕ್ಕೆ ಸರಿಸಿತು. ಅಷ್ಟು ಅಭ್ಯಾಸ ಆ ಕೈಗೆ.

ಇಂಜಿನಿಯರ್ ಪೆನ್ನು ಜೇಬಿಗೆ ಹಾಕಿದ. "ಇನ್ನೊಂದ್ ಮಳಿ ನೋಡೋಣ್ರಿ, ಯಜಮಾನ್ರ. ಆವತ್ತೂ ಹನಿ ಬಿತ್ತಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ದೊಡ್ಡಪ್ಪ ಆ ಮಳೆಯಲ್ಲೇ ಏಣಿ ಹತ್ತಿದ. 'ನಾನು ಮೊದಲೇ ಹೇಳಿದ್ದೆ' ಅನ್ನುವುದಕ್ಕಾಗಿಯೇ ಬಂದಿದ್ದ ಅಪ್ಪ, ಅದನ್ನು ಹೇಳುವುದು ಮರೆತು, ಸಿಮೆಂಟ್ ಜಾಹೀರಾತಿನ ಛತ್ರಿ ಹಿಡಿದು ಹಿಂದೆಯೇ ಹತ್ತಿದ. ಮೇಲೆ ಮಣ್ಣು ಬಿರುಕು ಬಿಟ್ಟಿತ್ತು. ದೊಡ್ಡಪ್ಪ ಒಂದು ಹೆಂಟೆ ಮುರಿದು ನೋಡಿದ, ಇನ್ನೊಂದು ಮುರಿದ.

"ಹುಲ್ಲೆಲ್ಲೈತಿ ಇದರಾಗ? ನಾ ಹುಲ್ಲು ಬೆರೆಸಿದ್ನಲ್ಲಾ?"

ಕೆಳಗಿನಿಂದ ಹುಲಿಗೆಮ್ಮನ ಸೊಸೆ, ಹೊಗಳಿಕೆ ಕೊನೆಗೂ ಬಂತು ಅನ್ನುವ ಮುಖದಲ್ಲಿ, "ಮಣ್ಣಾಗ ಭಾಳ ಹೊಲಸಿತ್ರಿ ಸಾವ್ಕಾರ್ರ. ನಾವೆಲ್ಲಾರೂ ಎರಡು ದಿನ ಕುಂತು ಜರಡಿ ಹಿಡಿದು ಸ್ವಚ್ಛ ಮಾಡೀವಿ. ಒಂದೆಳಿ ಹುಲ್ಲು ಬಿಟ್ಟಿಲ್ಲ" ಅಂದಳು.

ನೋಡಿ, ಮಣ್ಣಿನಲ್ಲಿ ಹುಲ್ಲು ಇದ್ದರೆ ಅದು ಬಿರುಕು ಬಿಡದ ಹಾಗೆ ಹಿಡಿದುಕೊಳ್ಳುತ್ತದೆ ಅಂತ ದೊಡ್ಡಪ್ಪನಿಗೆ ಗೊತ್ತು, ಹುಸೇನಪ್ಪನಿಗೆ ಗೊತ್ತು, ಅವತ್ತು ಬೆಣ್ಣೆ ನೋಡುವ ಸಂಭ್ರಮದಲ್ಲಿ ಇಬ್ಬರೂ ಹುಲ್ಲು ನೋಡಿರಲಿಲ್ಲ. ಹುಟ್ಟಿದಾಗಿನಿಂದ ತಾಡಪತ್ರಿಯ ಕೆಳಗಿದ್ದು, ಕಂಡದ್ದನ್ನೆಲ್ಲ ಬೇರೆ ಮಾಡಿ ಬದುಕಿದವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವನು ಹೇಳದೆ ಗಾದಿಗನೂರಿಗೆ ಹೋಗಿದ್ದ. ದೊಡ್ಡಪ್ಪ ಮಳೆಯಲ್ಲಿ ಬೋಳುತಲೆ ಹಿಡಿದು ಕೂತುಬಿಟ್ಟ.

"ಹುಲ್ಲು ಒಗದ್ರೇನು?" ಅಂತ ಕೇಳಿದ ಕೊನೆಗೆ.

ಸೊಸೆಗೆ ಅವಮಾನವಾಯಿತು. "ಒಗೀತೀವೇನ್ರಿ? ಬ್ಯಾರೆ ಚೀಲದಾಗ ಐತಿ."

ಐದು ಚೀಲ, ಬಾಯಿ ಹೊಲಿದು ಇಟ್ಟಿದ್ದರು.

ಅಪ್ಪ ಛತ್ರಿಯ ಕೆಳಗಿನಿಂದ ಮೆಲ್ಲಗೆ, "ಅಣ್ಣಾ, ಒಂದ್ ಚೀಲ ಸಿಮೆಂಟ್ ಹಾಕಿಬಿಡು. ನಾ ಯಾರಿಗೂ ಹೇಳಂಗಿಲ್ಲ" ಅಂದ.

"ಮಣ್ಣಿಗೂ ಸಿಮೆಂಟಿಗೂ ಹೊಂದಂಗಿಲ್ಲಪಾ. ಒಂದ ಮನ್ಯಾಗ ಇದ್ರ ಬರೀ ಜಗಳ. ನಿನ್ನ ನನ್ನ ನೋಡಿ ಗೊತ್ತಾಗಲಿಲ್ಲೇನು?"

ಮಳೆ ನಿಂತ ಮೇಲೆ ಮಾಳಿಗೆಯ ಮಣ್ಣೆಲ್ಲ ಇಳಿಸಿ, ಹುಲ್ಲು ಹಾಕಿ, ಸಗಣಿ ಹಾಕಿ, ಹನ್ನೆರಡೂ ಮನೆಯವರು ತುಳಿದರು. ನಾನೂ ತುಳಿದೆ. ಅಪ್ಪನೂ ಪ್ಯಾಂಟು ಮಡಚಿ ತುಳಿದ, ಅದರ ಫೋಟೋ ನನ್ನ ಮೊಬೈಲಿನಲ್ಲಿ ಇದೆ, ಟ್ಯೂಷನ್ ತಪ್ಪಿಸಿದ ದಿನ ಉಪಯೋಗಕ್ಕೆ ಬರುತ್ತದೆ. ದೊಡ್ಡಪ್ಪ ನನ್ನ ಕಣ್ಣಿನ ಮೇಲೆ ಎರಡು ಪದರ ಜಾಸ್ತಿ ಬಳಿಯಲು ಹೊರಟಾಗ ಹುಲಿಗೆಮ್ಮ ತಡೆದಳು.

"ಅಲ್ಲಲ್ರಿ. ನೀರು ಬೀಳೂದು ಒಂದ್ ಕಡಿ, ಒಳಗ ಹೋಗೂದು ಇನ್ನೊಂದ್ ಕಡಿ." ಅವಳು ಮಾಳಿಗೆಯ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆದು, ನನ್ನ ಕಣ್ಣಿನಿಂದ ಎರಡು ಮಾರು ದೂರ, ಗೋಡೆಯ ಮೂಲೆಯಲ್ಲಿ ನಿಂತಳು. ಅಲ್ಲಿ ಫ್ಲೆಕ್ಸ್ ಮಡಚಿಕೊಂಡಿತ್ತು. "ಇಲ್ಲಿ ಐತಿ ಕಳ್ಳ. ನಲವತ್ತು ವರ್ಷ ಸೋರೂದರ ಕೆಳಗ ಮಲಗೀನಿ, ನನಗ ಗೊತ್ತಾಗಂಗಿಲ್ಲೇನು?"

ಎರಡನೇ ಮಳೆ ಎಂಟು ದಿನಕ್ಕೆ ಬಂತು, ಮೊದಲಿನದಕ್ಕಿಂತ ಜೋರು. ಇಂಜಿನಿಯರ್ ಒಂದು ಗಂಟೆ ಕೂತ. ಮೊಮ್ಮಗಳು ನನ್ನ ಕಣ್ಣಿನ ಕೆಳಗೆ ಬೋಗುಣಿ ಇಟ್ಟು ಅದರ ಪಕ್ಕ ಕೂತು ಕಾಯಿತು. ಯಾರೂ ಮಾತಾಡಲಿಲ್ಲ, ನಾನು ಕೂಡ. (ಇದನ್ನು ದಾಖಲೆ ಅಂತ ಬರೆದುಕೊಳ್ಳಬಹುದು.) ಕೂಸು ಬೋಗುಣಿಯೊಳಗೆ ಕೈ ಆಡಿಸಿ, "ಒಣಾ ಐತಿ" ಅಂದಿತು, ಏನೋ ತಪ್ಪಾಗಿದೆ ಅನ್ನುವ ಧ್ವನಿಯಲ್ಲಿ. ಇಂಜಿನಿಯರ್ ಆ ಬೋಗುಣಿಯನ್ನೇ ಬೋರಲು ಹಾಕಿ, ಅದರ ಮೇಲೆ ಕಾಗದ ಇಟ್ಟು, ಹನ್ನೊಂದು ಮನೆಗೂ ಸಹಿ ಮಾಡಿದ.

ಮುಂದಿನ ಸೋಮವಾರ ಗೃಹಪ್ರವೇಶ. ನಾವೆಲ್ಲ ಹೋದೆವು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ, ಎಲ್ಲರ ಕಣ್ಣಿಗೂ ಹೊಗೆ ತುಂಬಿ, ಪಾಯಸದ ಊಟ ಮುಗಿಯುವ ಹೊತ್ತಿಗೆ ಅಮ್ಮ ಬಾಗಿಲ ಹತ್ತಿರ ನಿಂತುಬಿಟ್ಟಳು. ತಲೆ ಮೇಲಿನ ತೋರಣ ನೋಡುತ್ತಿದ್ದಳು. ಮಾವಿನ ಎಲೆ, ಒಂದು ಕೆಂಪು ಪಟ್ಟಿ, ಮತ್ತೆ ಎಲೆ, ಮತ್ತೆ ಪಟ್ಟಿ. ಒಂದೊಂದು ಪಟ್ಟಿಯಲ್ಲೂ ಗಂಟು ಬಿಚ್ಚಿದ ಮೂರು ಸುಕ್ಕು.

"ಇದು... ನಮ್ಮಕ್ಕನ ಸೀರಿ ಅಲ್ಲೇನು?"

ಹುಲಿಗೆಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಬಲಗೈ ಹೆಬ್ಬೆರಳು ತೋರಿಸಿದಳು. ತುದಿಯಲ್ಲಿ ಒಂದು ಸಣ್ಣ ಗಟ್ಟಿ ಕಲೆ.

"ಆವಾಗ ಒಮ್ಮೆ ನಿಮ್ಮ ಬೀದಿ ಕಸದಾಗ ಸಕ್ರಿ ಬ್ಯಾನಿ ಸೂಜಿ ಚುಚ್ಚಿತ್ರಿ ಯವ್ವಾ. ಕೈ ಇಷ್ಟು ಬಾತಿತ್ತು. ಯಾಕ ಅರಿವಿ ಕಟ್ಟೀದಿ ಅಂತ ಸಾವ್ಕಾರ್ರು ಕೇಳಿದ್ರು, ಸೂಜಿ ಚುಚ್ಚೈತ್ರಿ ಅಂದೆ. ಅವ್ರು ಹಂಗ ಒಳಗ ಹೋಗಿಬಿಟ್ರು. ಅದಾದ ಮ್ಯಾಲ ಸೂಜಿಯೆಲ್ಲಾ ಡಬ್ಬಿಯೊಳಗ ಬರಾಕತ್ವು, ಮ್ಯಾಲ ಕೆಂಪ ಅರಿವಿ. ಯಾರ ಮನೀದಂತ ಆವಾಗ ಗೊತ್ತಾತು."

ದೊಡ್ಡಪ್ಪ ಎಂಜಲೆಲೆ ಮಡಚಿಕೊಂಡು ನಿಂತಿದ್ದ, ಗೋಡೆಗೆ ಆನಿಕೊಂಡು. "ಗೊತ್ತಿತ್ತೇನು ನಿನಗ?" ಅಂದ. "ಇಷ್ಟು ದಿನ ಯಾಕ ಕೇಳಲಿಲ್ಲ?"

"ಕೇಳಿ ಏನ್ ಮಾಡ್ಲಿ? ಡಬ್ಬಿ ಬಂದಿತ್ತಲ್ರಿ. ಡಬ್ಬಿ ಆಸ್ಪತ್ರ್ಯಾಗ ಸೂಜಿ ಕಸ ಇಸ್ಕೊಳ್ಳೋರಿಗೆ ಕೊಟ್ಟು ಬರ್ತಿದ್ದೆ. ಅರಿವಿ ಬಿಚ್ಚಿ ಇಟ್ಕೊಂತಿದ್ದೆ. ಅರಿವಿ ಬ್ಯಾರೆ ಮಾಲು." ಅವಳು ತೋರಣದ ಒಂದು ಪಟ್ಟಿ ಸರಿಮಾಡಿದಳು. "ಒಂದ್ ವಾರ ಡಬ್ಬಿ ಬರಲಿಲ್ಲ. ಗೊತ್ತಾತು. ಅವತ್ತು ನಿಮ್ಮ ಗೇಟಿನ ಮುಂದ ಚೀಲ ಹೊತ್ಕೊಂಡು ಭಾಳ ಹೊತ್ತು ನಿಂತಿದ್ದೆ. ಒಳಗ ಬರಾಕ ಆಗಲಿಲ್ಲ."

ನಾನು ಲಿಂಬೆಹಣ್ಣು, ಕೂದಲು ಸೇರಿಸಿ ಊರೆಲ್ಲ ಹೇಳಿದ್ದ ಮಾಟ ಅದು.

ದೊಡ್ಡಪ್ಪ ನಡೆದುಹೋಗಿ ಎಂಜಲೆಲೆಯನ್ನು ಬುಟ್ಟಿಗೆ ಹಾಕಿದ. ಪಾಯಸ ಹತ್ತಿದ ಹಸಿ ಎಲೆ, ಒಣ ಕಸದ ಬುಟ್ಟಿಗೆ. ಹುಲಿಗೆಮ್ಮ ಬಗ್ಗಿ ಅದನ್ನು ಎತ್ತಿ ಹಸಿಯ ಬುಟ್ಟಿಗೆ ಹಾಕಿದಳು.

"ಯಾಕ್ರಿ ಸಾವ್ಕಾರ್ರ, ಕಣ್ಣು ಕಾಣಂಗಿಲ್ಲೇನು?"

"ಹೊಗಿ."

"ಒಲಿ ಆರಿ ಎಷ್ಟೊತ್ತಾತು."

ಮೇಲೆ ಮಾಳಿಗೆಯಲ್ಲಿ ನನ್ನ ಕಣ್ಣು ಪೂರಾ ಒಣಗಿತ್ತು. ಕೆಳಗಿದ್ದ ಕಣ್ಣಿನ ವಿಷಯ ಮಾತ್ರ ನನ್ನನ್ನು ಕೇಳಬೇಡಿ.